ಕುದುರೆ ಹತ್ತದ ರಾಜಕುಮಾರಿ

ಬಸರೀಕಟ್ಟೆಯ ಕಾಫಿ ತೋಟದಲ್ಲಿ ಹೆಂಗಸರು ಹಣ್ಣು ಕೊಯ್ಯಲು ಹೋದಾಗ ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಶಾಂತಕ್ಕ. ಅಳುವ ಮಕ್ಕಳಿಗೆ ಅವರು ಕಥೆ ಹೇಳುತ್ತಿದ್ದರು. ಏಳು ಸಮುದ್ರದಾಚೆಯ ರಾಜಕುಮಾರಿ, ಗಿಳಿಯಲ್ಲಿ ಜೀವ ಇಟ್ಟ ರಾಕ್ಷಸ, ಕೊನೆಗೆ ಕುದುರೆ ಏರಿ ಬರುವ ರಾಜಕುಮಾರ. ರಾಜಕುಮಾರಿ ಅವನ ಹಿಂದೆ ಹತ್ತಿ ಕೂತರೆ ಕಥೆ ಮುಗಿಯಿತು.

2007ರ ಬೇಸಿಗೆಯಲ್ಲಿ ಶಾಂತಕ್ಕನ ತಮ್ಮ ಬೂತಪ್ಪನ ಮಗಳು ಅನಿತಾ ಹಟ ಹಿಡಿದು ಅವರನ್ನು ಕೊಪ್ಪದ ಟಾಕೀಸಿಗೆ ಕರೆದೊಯ್ದಳು. ಅವಳಿಗೆ ಆಗಲೇ ಕಮ್ಮರಡಿಯ ಯಶವಂತನ ಜೊತೆ ಮದುವೆ ಮಾತಾಗಿತ್ತು.

"ಈ ಸಿನಿಮಾ ನಿನ್ನ ಕಥೆನೇ ಅತ್ತೆ. ಬೆಂಗಳೂರಲ್ಲಿ ನಡೀತದೆ, ಅಷ್ಟೆ."

ನಿಜವೇ. ಕಥೆಯೊಳಗಿಂದ ಜಾರಿ ಬಿದ್ದ ರಾಜಕುಮಾರಿ ಸಿಟಿ ಬಸ್ಸು ಹತ್ತಿ ಟಿಕೆಟ್ಟಿಗೆ ಮುತ್ತಿನ ಬಳೆ ಕೊಟ್ಟಳು. ಕಪ್ಪೆಯಾಗಿದ್ದವನು ಮನುಷ್ಯನಾಗಿ ಸೀಮೆಎಣ್ಣೆಗೆ ಸಾಲಿನಲ್ಲಿ ನಿಂತ. ಶಾಂತಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕೊನೆಗೆ ಸಿಗ್ನಲ್ಲಿನಲ್ಲಿ ಕುದುರೆ ನಿಲ್ಲಿಸಿ ರಾಜಕುಮಾರ ಕೈ ಚಾಚಿದ. ಅವಳು ಹತ್ತಲಿಲ್ಲ. "ನೀನು ಯಾರು ಅಂತಲೇ ನಂಗೆ ಗೊತ್ತಿಲ್ಲ. ಮೊದಲು ಒಂದು ಟೀ ಕುಡಿಯೋಣ" ಅಂದಳು.

ಟಾಕೀಸೆಲ್ಲ ಗೊಳ್ಳೆಂದಿತು. ಶಾಂತಕ್ಕನಿಗೆ ಮಾತ್ರ ನಗು ಬರಲಿಲ್ಲ. ಅವರು ಗಂಡನ ಮುಖ ಕಂಡದ್ದೇ ಅಂತರಪಟ ಸರಿದ ಮೇಲೆ. ಬೇಗಾರು ಊರಿನವನು, ಕೆಟ್ಟವನಲ್ಲ. ಆದರೆ ತಾನು ಅವನಿಗೆ ಇಷ್ಟವಾಗಿದ್ದೆನೋ ಇಲ್ಲವೋ ಎಂಬುದು ಅವನು ತೀರಿಕೊಳ್ಳುವವರೆಗೂ ತಿಳಿಯಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಕೇಳಿದರು: "ಆ ಕಮ್ಮರಡಿ ಹುಡುಗ ನಿಂಗೆ ಒಪ್ಪಿಗೆಯೇನೆ?"

"ಮಾತಾಡಿದ್ರೆ ತಾನೆ ಅತ್ತೆ, ಗೊತ್ತಾಗೋದು?"

ಮರುದಿನ ಶಾಂತಕ್ಕ ಈ ಮಾತೆತ್ತಿದಾಗ ಬೂತಪ್ಪ ರೇಗಿದ. "ಸಿನಿಮಾ ನೋಡಿ ನಿಂಗೆ ತಲೆ ಕೆಟ್ಟಿತೇನಕ್ಕ?"

"ಕೆಟ್ಟಿದೆ ಅಂತಲೇ ಇಟ್ಕ ಮಾರಾಯ. ಒಂದ್ಸಲ ಮಾತಾಡ್ಲಿ."

ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಅನಿತಾ, ಯಶವಂತ ಇಬ್ಬರೂ ಎದುರುಬದುರು ಕೂತರು. ಶಾಂತಕ್ಕ ಆಚೆ ಮೇಜಿನಲ್ಲಿ ಬನ್ಸ್ ಮುರಿಯುತ್ತ ಆ ಕಡೆ ನೋಡದಿರಲು ಪ್ರಯತ್ನಪಟ್ಟರು. ಎದ್ದು ಬಂದ ಅನಿತಾಳ ಮುಖದಲ್ಲಿ ಬೇಸರವಿರಲಿಲ್ಲ, ಆಶ್ಚರ್ಯವಿತ್ತು.

"ಅವ್ರಿಗೆ ಬೇರೆ ಹುಡುಗಿ ಮೇಲೆ ಮನಸ್ಸಿದೆಯಂತೆ. ಮನೇಲಿ ಅವ್ರನ್ನೂ ಯಾರೂ ಕೇಳ್ಲಿಲ್ವಂತೆ, ಅತ್ತೆ."

ಸಂಬಂಧ ಅಲ್ಲಿಗೇ ನಿಂತಿತು. ನೆಂಟರ ಮುಂದೆ ಮರ್ಯಾದೆ ಹೋಯಿತೆಂದು ಬೂತಪ್ಪ ಮಳೆಗಾಲವಿಡೀ ಅಕ್ಕನ ಮನೆ ಮೆಟ್ಟಿಲು ಹತ್ತಲಿಲ್ಲ. ಶಾಂತಕ್ಕನಿಗೆ ನೋವಾಯಿತು, ಆದರೆ ತಪ್ಪಾಯಿತೆಂದು ಒಮ್ಮೆಯೂ ಅನ್ನಿಸಲಿಲ್ಲ. ಯಶವಂತ ತಾನು ಮೆಚ್ಚಿದವಳನ್ನೇ ಮದುವೆಯಾದ ಸುದ್ದಿ ದೀಪಾವಳಿಯ ಹೊತ್ತಿಗೆ ಬಂತು. ಆ ಸಂಜೆ ಬೂತಪ್ಪ ತಾನಾಗಿ ಬಂದು ಜಗಲಿಯಲ್ಲಿ ಕೂತ. "ನಮ್ಮ ಹುಡುಗಿ ಅಲ್ಲಿ ಸಿಕ್ಕಿಹಾಕ್ಕೊಳ್ತಿದ್ಲು, ಅಲ್ವೇನಕ್ಕ?" ಅಂದ.

ಶಾಂತಕ್ಕ ಒಳಗೆ ಹೋಗಿ ಅವನಿಗೆ ಕಾಫಿ ತಂದುಕೊಟ್ಟರು.