ಕೇಳದೆ ಒಳಗೆ ಬಂದವರು

ಕಂಟೋನ್ಮೆಂಟಿನ ನಮ್ಮ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿಗೆ ಒಬ್ಬ ಅಟೆಂಡರ್ ಇದ್ದರು. ಬಾಗಿಲಲ್ಲಿ ಸ್ಟೂಲು ಹಾಕಿ ಕೂತು, ಪ್ರಿನ್ಸಿಪಾಲರನ್ನೂ ಬಿಡದೆ "ಯಾರನ್ನ ಕೇಳಿ ಬಂದ್ರಿ?" ಎನ್ನುವುದು ಅವರ ಧರ್ಮ. ಅಪ್ಪಣೆಯಿಲ್ಲದೆ ಆ ಕೋಣೆಗೆ ಸೊಳ್ಳೆಯೂ ಬಂದಿಲ್ಲವೆಂಬುದು ಅವರ ಇಪ್ಪತ್ತು ವರ್ಷದ ಕೀರ್ತಿ.

ಆಕಾಶದಿಂದ ಸುರಿಯುವ, ವಿದ್ಯುತ್ತು ಹೊತ್ತ ಕಣಗಳನ್ನು ಹುಡುಗರಿಗೆ ತೋರಿಸಲು ನಾನೊಂದು ಗಾಜಿನ ಪೆಟ್ಟಿಗೆ ಮಾಡಿದೆ. ಅದರೊಳಗೆ ಮಂಜು ಕಟ್ಟಿಸಲು ಬೇಕಾದ ಡ್ರೈ ಐಸ್ ಸಿಗುತ್ತಿದ್ದುದು ಮದುವೆಗಳಲ್ಲಿ ಹೊಗೆ ಬಿಡುವ ಕುರುಗೋಡಿನ ಡೆಕೋರೇಷನ್‌ನವರ ಹತ್ತಿರ. ಹೀಗಾಗಿ ನಮ್ಮ ವಿಜ್ಞಾನಕ್ಕೂ ಮುಹೂರ್ತ ಬೇಕಿತ್ತು. ಆಷಾಢದಲ್ಲಿ ಕಣಗಳಿಗೆ ರಜೆ.

ಪೆಟ್ಟಿಗೆಯ ಮಂಜಿನಲ್ಲಿ ಕಣ ಹಾದಲ್ಲೆಲ್ಲ ಬಿಳಿ ಎಳೆಗಳು ಮೂಡಿ ಮಾಯವಾದವು. ಆಯಸ್ಕಾಂತ ಇಟ್ಟಾಗ ಕೆಲವು ಬಾಗಿದವು, ತೀರಾ ವೇಗದವು ನೆಟ್ಟಗೇ ಹೋದವು.

"ಎಲ್ಲಿಂದ ಬಂದ್ವು ಸರ?" ಎಂದರು ಅಟೆಂಡರ್.

"ಮಾಳಿಗಿ ತೂರಿ ಬಂದಾವ. ನಿಮ್ಮನ್ನೂ ತೂರಿ ಹೊಕ್ಕಾವ."

"ಬಾಗಲಾ ಹಾಕಿದ್ರೂ?"

"ಹಾಕಿದ್ರೂ."

ಅವರು ಪೆಟ್ಟಿಗೆಯ ಮೇಲೆ ಅಂಗೈ ಒತ್ತಿದರು. ಅಂಗೈಯ ಕೆಳಗೇ ಒಂದು ನೇರ ಎಳೆ ಮೂಡಿತು.

"ಹಂಗಾರ ನಾ ಇಲ್ಲಿ ಕುಂತದ್ದು ಅವಕ್ಕ ಗೊತ್ತೇ ಇಲ್ಲ," ಎಂದು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

ಅಂದಿನಿಂದ ಅವರು ಯಾರನ್ನೂ ತಡೆಯಲಿಲ್ಲ. ಒಂದು ಮಧ್ಯಾಹ್ನ ಖಾಲಿ ಲ್ಯಾಬಿನಿಂದ ಅವರ ದನಿ ಕೇಳಿ ಇಣುಕಿದೆ. ಸೂರಿನತ್ತ ಮುಖವೆತ್ತಿ, ಮೆತ್ತಗೆ, "ಯಾರನ್ನ ಕೇಳಿ ಬಂದ್ರಿ?" ಎಂದರು. ಸ್ವಲ್ಪ ಹೊತ್ತು ಕಿವಿಗೊಟ್ಟರು. ಆಮೇಲೆ ಉತ್ತರ ಸಿಕ್ಕವರಂತೆ ತಲೆಯಾಡಿಸಿ, ಸ್ಟೂಲನ್ನು ಗೋಡೆಗೆ ಸರಿಸಿ, ದಾರಿ ಬಿಟ್ಟು ನಿಂತರು.