ಡಬ್ಬ್ಯಾಗಿನ ಹೆಸರು

ನನ್ನ ತಂಗಿ ದುರ್ಗಾ ಭಾಳ ಸಿಟ್ಟಿನಾಕಿ. ಪುಣೆ ಊರಿನ ಕಾತ್ರಜದಾಗ ತಗಡಿನ ಪತ್ರಾ ಶೆಡ್ಡಿನಾಗ ನಾವು ಬೆಳೆಯೂ ಮುಂದ, ಕೂಲಿಯವರನ್ನ ದುಡಸೋ ಮುಕಾದಮ ನಮ್ಮವ್ವನ ಕಪಾಳಕ್ಕ ಹೊಡದಿದ್ದ. ಈ ಗಟ್ಟಿಗಿತ್ತಿ ಅವನ ಕೈ ಕಚ್ಚಿ ರಕ್ತ ತೆಗದಿದ್ದಳು. ಅಂಥಾಕಿ ಕಂಪ್ಯೂಟರ್ ಕಲ್ತು ಶಿವಾಜಿನಗರದ ಒಂದು ಸಣ್ಣ ಆಫೀಸಿಗೆ ಸೇರಿದಳು. ಕಟ್ಟಡದ ಮಷೀನು ಎಷ್ಟೆಷ್ಟು ಭಾರ ಎತ್ತತಾವ ಅಂತ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷಾದಾಗ ಗ್ರಾಫ್ ತೆಗಿಯೋ ಕೆಲಸ. ಯಾವ ಬಣ್ಣದ ಗೆರಿ ಯಾರದು ಅಂತ ಹೇಳಾಕ ಗ್ರಾಫಿನ ಮೂಲ್ಯಾಗ ಒಂದು ಡಬ್ಬಿ ಇರ್ತದ, ಅದಕ್ಕ ಲೆಜೆಂಡ್ ಅಂತಾರ.

ನಮ್ಮ ಮಂದಿ ಮಷೀನಿಗೆ ನಂಬರ್ ಹಿಡದು ಕರಿಯಂಗಿಲ್ರಿ, ನಡಸಾವನ ಹೆಸರು ಹಿಡದು ಕರೀತೀವಿ. ವಿಮಾನ ನಗರದ ಸೈಟಿನಾಗ ಇಟ್ಟಂಗಿ ಎತ್ತೋ ಲಿಫ್ಟು ಎರಡು. ಒಂದು ಶಂಕ್ರೆಪ್ಪ, ಇನ್ನೊಂದು ಭೀಮು. ಭೀಮು ನನ್ನ ಗಂಡ. ಶೆಡ್ಡಿನಾಗ ಬೆಳದಾಕಿ ಅಲ್ಲೇನು, ದುರ್ಗಾನೂ ಡಬ್ಬ್ಯಾಗ ಹೆಸರೇ ಬರದಿದ್ದಳು.

ಎರಡೂ ಲಿಫ್ಟು ಮ್ಯಾಲಿನ ಒಂದೇ ಕಬ್ಬಿಣದ ತೊಲಿಗೆ ನೇತಾಡತಿದ್ವು. ಆ ಮುಂಜಾನೆ ತೊಲಿ ಮುರದು ಬಿತ್ತು. ಕೆಳಗ ಸಿಮೆಂಟ್ ಕಲಸಾಕತ್ತಿದ್ದ ಹುಲಿಗೆಪ್ಪನ ತಲಿ ಉಳೀಲಿಲ್ಲ. ನಾ ಕಣ್ಣಾರೆ ನೋಡೀನ್ರಿ. ಅವನ ತಮ್ಮ ಚನ್ನವೀರ ಹುಚ್ಚು ಹಿಡದಾವರಂಗ ಒದರಿದ, "ಯಾವ ಭಾಡ್ಯಾ ಹೆಚ್ಚಿಗಿ ಭಾರ ಹೇರ್ಯಾನ?" ಸೂಪರ್‌ವೈಸರ್ ಮೊಬೈಲಿನಾಗ ದುರ್ಗಾನ ಆಫೀಸಿನಿಂದ ಬಂದಿದ್ದ ಗ್ರಾಫಿನ ಚಿತ್ರ ತೋರಸಿದ. ಕೆಂಪು ಗೆರಿ ಎಲ್ಲಾಕ್ಕಿಂತ ಮ್ಯಾಲ ಜಿಗದಿತ್ತು. ಡಬ್ಬ್ಯಾಗ ಕೆಂಪಿನ ಮುಂದ ಭೀಮು ಅಂತ ಇತ್ತು.

ಅಷ್ಟ ಸಾಕಾತು. ನನ್ನ ಗಂಡನ್ನ ಕಂಬಕ್ಕ ಕಟ್ಟಿ ಸಲಿಕಿ ಕಾವು ತಗೊಂಡು ಬಡದ್ರು. ಬಾಯಾಗಿಂದ ಹಲ್ಲು, ರಕ್ತ ಕೂಡೇ ಬಂದ್ವು. ಅಡ್ಡ ಹೋದ್ರ ನನಗೂ ಬಿತ್ತು. ಶಂಕ್ರೆಪ್ಪನೂ ಬಂದು ನನ್ನ ಗಂಡನ ಹೊಟ್ಟಿಗೆ ಒದ್ದ, ಅವನ ಕಾಲು ಸೇದಿ ಹೋಗ್ಲಿ ಅಂದೆ. ಪೊಲೀಸ್ರು ಒಳಗ ಬರಬಾರದು ಅಂತ ಸೂಪರ್‌ವೈಸರ್ ಗೇಟಿಗೆ ಕೀಲಿ ಹಾಕಿಸಿದ್ದ. ನಾ ದುರ್ಗಾಗ ಫೋನ್ ಹಚ್ಚಿ, "ನಿನ್ನ ಗ್ರಾಫು ನನ್ನ ಗಂಡನ್ನ ಕೊಲ್ಲಾಕತ್ತದ, ಲಗೂನ ಬಾರೇ" ಅಂತ ಅತ್ತೆ.

ದುರ್ಗಾ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕ್ಕೊಂಡು ಪತ್ರಾ ಬೇಲಿ ಹಾರಿ ಬಂದಳು, ಅಂಗೈ ಕೊಯ್ದು ರಕ್ತ ಸೋರತಿತ್ತು. ಮೊಬೈಲ್ ಕಸಗೊಂಡು ಚಿತ್ರ ನೋಡಿ ಚೀರಿದಳು, "ಕಣ್ಣು ಅದಾವಿಲ್ಲೋ ನಿಮಗ? ಶಂಕ್ರೆಪ್ಪ ಅನ್ನೋ ಗೆರಿ ಹಗ್ಗ ಕಟ್ಟಿದಂಗ ಸೀದಾ ಅದ. ಎತ್ತಿ ಇಳಸೋ ಲಿಫ್ಟು ಒಂದೇ ಭಾರ ಹೊರತದೇನು? ಇದು ಇಷ್ಟಕ್ಕಿಂತ ಹೆಚ್ಚಿಗಿ ಹೇರಬಾರದು ಅಂತ ಮಿತಿ ತೋರಸೋ ಗೆರಿ, ನಿನ್ನೆ ನಾನೇ ಎಲ್ಲಾಕ್ಕಿಂತ ಮೊದಲು ಸೇರಿಸೀನಿ. ಡಬ್ಬ್ಯಾಗಿನ ಹೆಸರು ತಿದ್ದಲಿಲ್ಲ, ಒಂದರ ಹೆಸರು ಇನ್ನೊಂದಕ್ಕ ಬಿದ್ದು ಎಲ್ಲಾ ಒಂದೊಂದು ಮನಿ ಸರದಾವ. ಹೆಸರಿಲ್ಲದ ಮೂರನೇ ಗೆರಿ ಭೀಮುಂದು. ತಪ್ಪು ನಂದು, ಹೊಡೀತಿದ್ರ ನನಗ ಹೊಡೀರಿ!"

"ಅಕ್ಕನ ಗಂಡನ್ನ ಉಳಸಾಕ ಬೊಗಳತಿ. ತೋರಸು," ಅಂದ ಚನ್ನವೀರ. ಅವನ ಕೈಯಾಗ ಈಗ ಕಬ್ಬಿಣದ ಸಳಿ ಇತ್ತು.

ಇಟ್ಟಂಗಿ ರಾಶಿ ಮ್ಯಾಲ ಲ್ಯಾಪ್‌ಟಾಪ್ ಇಟ್ಟು ಪ್ರೋಗ್ರಾಮ್ ಓಡಿಸಿದಳು. ಪರದೆ ಮ್ಯಾಲ ಗ್ರಾಫಿನ ಕಿಟಕಿ ತೆರೀಲೇ ಇಲ್ಲ. ಆಫೀಸಿನಾಗ ಕಿಟಕಿ ತೆರಿಯದ ಬರೇ ಚಿತ್ರ ಉಳಸೋ ಹಂಗ ಮಾಡಿಟ್ಟಿದ್ದಳಂತ. ಚನ್ನವೀರ ಸಳಿ ಬೀಸಿದ. ನನ್ನ ಗಂಡನ ಮೊಣಕೈ ಲಟಕ್ ಅಂತು. ದುರ್ಗಾ ಅದನ್ನ ತಿದ್ದಿ ಮತ್ತ ಓಡಿಸಿದಳು. ಕಿಟಕಿ ಬಂತು, ಕಣ್ಣು ಮುಚ್ಚಿ ತೆಗಿಯೂದ್ರಾಗ ಮಾಯ ಆತು. "ಆಟ ಹಚ್ಚೀ ಏನು?" ನನ್ನ ಗಂಡನ ಪಕ್ಕೆಲುಬಿಗೆ ಇನ್ನೊಂದು ಏಟು ಬಿತ್ತು. "ನಿಂದ್ರೋ! ಕಿಟಕಿ ನಿಲ್ಲಸಾಕ ಒಂದು ಸಾಲು ಬರೀಬೇಕೋ!" ಅಂತ ಅಳಕೋತ ಬರದಳು. ಕೀ ಮ್ಯಾಲೆಲ್ಲಾ ರಕ್ತ.

ಕಿಟಕಿ ನಿಂತಿತು. ಆದ್ರ ಸುಡಗಾಡು ಡಬ್ಬಿ ಕೆಂಪು ಗೆರಿ ನೆತ್ತಿ ಮ್ಯಾಲೇ ಕುಂತಿತ್ತು. ಡಬ್ಬಿ ಹೊರಗ ದೂಡಿ, ಪ್ರೋಗ್ರಾಮಿನಾಗ ಒಂದೊಂದು ಗೆರಿ ಎಳಿಯೂ ಸಾಲಿನಾಗೇ ಅದರ ಹೆಸರು ಬರದು, ಮತ್ತ ಓಡಿಸಿ ಕೆಂಪು ಗೆರಿ ತುದಿ ಮ್ಯಾಲ ಒತ್ತಿದಳು. ತೊಲಿ ಬಿದ್ದ ಹೊತ್ತು, ಭಾರ, ಮಷೀನಿನ ನಂಬರ್ ಮೂರೂ ಕಂಡ್ವು. ಒಬ್ಬಾಂವ ಓಡಿಹೋಗಿ ಮಷೀನಿನ ಮ್ಯಾಲಿನ ನಂಬರ್ ಓದಿಕೊಂಡು ಬಂದ. ಕೆಂಪು ಗೆರಿ ನಂಬರ್ ಶಂಕ್ರೆಪ್ಪನ ಲಿಫ್ಟಿಂದು.

ನನ್ನ ಗಂಡನ ಹಗ್ಗ ಬಿಚ್ಚಿದ್ರು. ಶಂಕ್ರೆಪ್ಪ ಓಡಿದ, ಗೇಟಿಗೆ ಕೀಲಿ ಇತ್ತಲ್ಲ. ಅಲ್ಲೇ ಕೆಡವಿದ್ರು. "ಸೂಪರ್‌ವೈಸರ್ ಹೇರು ಅಂದ್ರು, ಹೇರೀನಿ" ಅಂತ ಒದರಿದ, ಯಾರು ಕೇಳತಾರ? ಚನ್ನವೀರ ಎರಡೂ ಮೊಣಕಾಲಿಗೆ ಸಳಿ ಹಾಕಿದ. "ಪೊಲೀಸ್ರಿಗೆ ಕೊಡ್ರೋ, ಇದಕ್ಕಲ್ಲೋ ನಾ ತೋರಸಿದ್ದು!" ಅಂತ ದುರ್ಗಾ ಜಿಗದು ಚನ್ನವೀರನ ಕೈ ಕಚ್ಚಿದಳು, ಸಣ್ಣಾಕಿದ್ದಾಗ ಕಚ್ಚಿದಂಗ. ಅಂವ ಆಕಿನ್ನ ಜಾಡಿಸಿ ಒಗದು ಮತ್ತ ಹೊಡದ. ಸೂಪರ್‌ವೈಸರ್ ಯಾವಾಗ ಪಾರಾದನೋ ಯಾರೂ ನೋಡಲಿಲ್ಲ. ಅವನ ಹೆಸರಿನ ಗೆರಿ ಗ್ರಾಫಿನಾಗ ಇರಲಿಲ್ಲ ನೋಡ್ರಿ.

ದುರ್ಗಾ ಈಗ ಡಬ್ಬ್ಯಾಗ ನಂಬರ್ ಅಷ್ಟ ಬರೀತಾಳ. ನಮ್ಮನಿಗೆ ಬಂದ್ರ ಮೊದಲು ಭೀಮುನ ಸೊಟ್ಟ ಕೈ ನೋಡತಾಳ. ನನಗಂತೂ ಗಂಡ ಉಳದಾನ ಅಂತ ಖುಷಿನೇ ಅದ, ಸುಳ್ಳು ಯಾಕ ಹೇಳ್ಲಿ.

ಶಂಕ್ರೆಪ್ಪನ ಹೆಂಡತಿ ಬೋರಮ್ಮಂದು, ನಂದು ಒಂದೇ ನಳ. ಗಂಡನ್ನ ಎತ್ತಿ ಬಯಲಕಡಿಗೆ ಒಯ್ದು, ಆಮ್ಯಾಲ ನೀರಿಗೆ ಬರ್ತಾಳ. ಮೊನ್ನೆ ಕೊಡ ತುಂಬಿಸಿಕೋತ ಅಂದಳು, "ಶರಣಮ್ಮ, ನಿನ್ನ ತಂಗಿ ಸುಮ್ಮಿದ್ದಿದ್ರ ನನ್ನ ಗಂಡ ನಡೀತಿದ್ದ."

"ನನ್ನ ಗಂಡ ಸಾಯ್ತಿದ್ದ," ಅಂದೆ.

"ಹೌದವ್ವ," ಅಂದಳು. ಕೊಡ ಭಾಳ ಭಾರ ಇತ್ತು. ನಾನೇ ಎತ್ತಿ ಆಕಿ ಸೊಂಟದ ಮ್ಯಾಲ ಇಟ್ಟೆ.