ಗೋಡೆಯಾಚೆಯ ಇಂಗ್ಲಿಷು

ಮೈಸೂರಿಗೆ ಬಂದು ಪಾತ್ರೆಪಡಗ ಇನ್ನೂ ಜೋಡಿಸಿರಲಿಲ್ಲ, ಒಂದು ಸಂಜೆ ಗೋಡೆ ಮಾತಾಡಿತು.

“ಲೀಡ್ ಅಲ್ಲ ಕಣಮ್ಮ, ಅಲ್ಲಿ ಲೆಡ್ ಅನ್ಬೇಕು. ಸೀಸ ಅಂತ ಅರ್ಥ.”

ಕೂಗಿ ಓದುತ್ತಿದ್ದ ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟೆ. ನಮ್ಮದು ವಠಾರ, ಒಂದೇ ಅಂಗಳಕ್ಕೆ ಹಲವು ಸಂಸಾರ. ನಡುಗೋಡೆ ಹೆಂಚಿನವರೆಗೆ ಮುಟ್ಟುವುದಿಲ್ಲ. ಊರಲ್ಲಿ ಜಗಲಿಯ ಮೇಲೆ ಕೂತು ಕೂಗಿ ಓದಿದರೆ ಕೇಳುತ್ತಿದ್ದವು ಎಮ್ಮೆಗಳು. ಅವು ಯಾವತ್ತೂ ನನ್ನನ್ನು ತಿದ್ದಿದವಲ್ಲ. ಇಲ್ಲಿ ಕೇಳಿಸಿಕೊಂಡವರು ಪಕ್ಕದ ಮನೆಯ ಕಮಲಮ್ಮನವರು, ಮದುವೆಗೆ ಮುಂಚೆಯೇ ಹೈಸ್ಕೂಲು ಮುಗಿಸಿದವರು.

ನಾನು ಗಿರಣಿ ಕೆಲಸದ ಗಂಡನ ಜೊತೆ ಬಂದವಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದು ನಪಾಸಾಗಿತ್ತು; ಬರುವ ಸೆಪ್ಟೆಂಬರಿನ ಪರೀಕ್ಷೆಗೆ ಮತ್ತೆ ಕಟ್ಟಿದ್ದೆ. ಪಾಸಾದರೆ ಟೀಚರ್ ಟ್ರೈನಿಂಗು. ಊರಲ್ಲಿದ್ದ ನಮ್ಮತ್ತೆ ಒಪ್ಪಿದ್ದು ಒಂದೇ ಮಾತಿನ ಮೇಲೆ: “ಓದೋದಾದ್ರೆ ಇರು. ಸುಮ್ನೆ ಕೂರೋದಾದ್ರೆ ನಾಟಿಗೆ ಬಂದ್ಬುಡು.”

ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ. ಇಂಗ್ಲಿಷಿಗೆ ಆ ನಿಯತ್ತಿಲ್ಲ. ಅವೇ ಅಕ್ಷರಗಳು ಕಣ್ಣೀರಾದರೆ ಟಿಯರ್, ಸೀರೆ ಹರಿದರೆ ಟೇರ್. ಬೀಸುವ ಗಾಳಿ ವಿಂಡ್, ಗಡಿಯಾರಕ್ಕೆ ಕೀ ಕೊಟ್ಟರೆ ವೈಂಡ್. ಮುಂದಿನ ಪದ ನೋಡಿಕೊಂಡು ಹಿಂದಿನದನ್ನು ಉಚ್ಚರಿಸಬೇಕಂತೆ. ಆಗ ತಾನೇ ನಯಾಪೈಸೆ ಬಂದು ಅಂಗಡಿಯಲ್ಲಿ ನನಗೆ ಆಣೆಯ ಲೆಕ್ಕ ತಪ್ಪುತ್ತಿತ್ತು. ಮನೆಗೆ ಬಂದರೆ ಈ ಪೀಕಲಾಟ. ಯಾವುದನ್ನು ನಂಬಬೇಕೋ ತಿಳಿಯುತ್ತಿರಲಿಲ್ಲ.

ನಾಚಿಕೆಯಾಗಿ ತುಟಿ ಬಿಚ್ಚದೆ ಓದತೊಡಗಿದೆ. ಪಟ್ಟಣದವರು ಹಾಗೆ ಓದುವುದನ್ನು ಕಂಡಿದ್ದೆ.

ಶ್ರಾವಣದಲ್ಲಿ ಅತ್ತೆ ರಾಗಿಹಿಟ್ಟಿನ ಗಂಟು ಹೊತ್ತು ಬಂದರು. ಬಂದಾಗಿನಿಂದ ನನ್ನನ್ನೇ ಗಮನಿಸುತ್ತಿದ್ದರು. ಒಂದು ಸಂಜೆ ನನ್ನ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು.

“ಅಂಗೇ ಪುಸ್ತಕ ನೋಡ್ಕಂಡ್ ಕೂತಿದ್ದೀಯೆ. ಒಂದಕ್ಷರ ಓದ್ಲಿಲ್ಲ. ನಡಿ ಊರ್ಗೆ.”

“ಓದ್ತಾ ಇದೀನತ್ತೆ, ಮನಸ್ನಲ್ಲಿ.”

“ಮನಸ್ನಲ್ಲಿ ಉಂಡ್ರೆ ಹೊಟ್ಟೆ ತುಂಬ್ತದಾ?”

ಅವರ ಪಾಲಿಗೆ ಓದೆಂದರೆ ಕಿವಿಗೆ ಬೀಳುವಂಥದ್ದು. ಚಾವಡಿಯ ಪುರಾಣ, ಶಾಲೆಯ ಮಗ್ಗಿ, ಎಲ್ಲವನ್ನೂ ಅವರು ಕೇಳಿಯೇ ಬಲ್ಲರು. ಪಟ್ಟಣದ ಓದು ಹೀಗೆ ಎಂದು ಹೇಗೆ ನಂಬಿಸಲಿ? ಪರೀಕ್ಷೆ ಕೈತಪ್ಪುವುದರಲ್ಲಿತ್ತು. ಪುಸ್ತಕ ತೆರೆದು, ವಠಾರಕ್ಕೆಲ್ಲ ಕೇಳುವಂತೆ ಕೂಗಿ ಓದಿದೆ. ಟೇರ್ ಅನ್ನಬೇಕಾದಲ್ಲಿ ಟಿಯರ್ ಅಂದೆ. ಗೋಡೆಯಾಚೆ ಕೆಮ್ಮು ಕೇಳಿಸಿತು.

“ಅದು ಟೇರ್ ಕಣಮ್ಮ.”

ಅತ್ತೆ ಗೋಡೆಯ ಕಡೆ ತಿರುಗಿದರು. “ಓದೋ ಹುಡ್ಗೀನ ನಿಲ್ಲಿಸ್ಬ್ಯಾಡಿ ಕಣ್ರೀ. ಮುಗುದ್ ಮೇಲೆ ಯೋಳಿ.”

ಅಂದಿನಿಂದ ಕಮಲಮ್ಮನವರು ಪಾಠ ಮುಗಿಯುವವರೆಗೆ ಕಾದು, ತಪ್ಪುಗಳನ್ನೆಲ್ಲ ಒಟ್ಟಿಗೇ ಹೇಳುತ್ತಿದ್ದರು. ಅತ್ತೆ ಸೀರೆಗಳನ್ನು ಮತ್ತೆ ಹೊರಗಿಟ್ಟು, ನಾಟಿಗೆ ಒಬ್ಬರೇ ಹೋದರು.

ಪಾಸಾದೆ. ಈಗ ಇಲ್ಲೇ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೇನೆ. ಮನಸ್ಸಿನಲ್ಲೇ ಓದಿಕೊಳ್ಳಿ ಎಂದು ಮಕ್ಕಳಿಗೆ ಹೇಳುವಾಗಲೆಲ್ಲ ಅತ್ತೆಗೆ ಏನೋ ಮೋಸ ಮಾಡಿದ ಕಸಿವಿಸಿ. ರಜೆಗೆ ಊರಿಗೆ ಹೋದರೆ ಜಗಲಿಯಲ್ಲಿ ಕೂತು ಅವರಿಗಾಗಿ ಗಟ್ಟಿಯಾಗಿ ಓದುತ್ತೇನೆ. ಅಲ್ಲಿ ನನ್ನ ದನಿಯೇ ನನಗೆ ಬೇರೆ ಯಾರದೋ ಅನಿಸಿ, ಓದು ನಡುವೆ ನಿಂತುಬಿಡುತ್ತದೆ.

ಒಳಗಿನಿಂದ ಅತ್ತೆ ಕೇಳುತ್ತಾರೆ: “ಯಾಕವ್ವ ನಿಲ್ಲಿಸ್ಬುಟ್ಟೆ? ಮನಸ್ನಲ್ಲೇ ಮೈಸೂರ್ಗೆ ಒಂಟೋದ್ಯಾ?”